ಬಿದ್ದುಹೋದ ತ್ರಿಭುಜ

ಕೇಳುಗರೇ, ನಮಸ್ಕಾರ.

ರೇಡಿಯೋದಲ್ಲಿ ಆಕೃತಿಗಳ ಬಗ್ಗೆ ಮಾತಾಡಿ ಅಂದಾಗ ಮೊದಲು ನನಗೆ ನಗು ಬಂತು. ಇಲ್ಲಿ ಕರಿಹಲಗೆ ಇಲ್ಲ, ಸೀಮೆಸುಣ್ಣವೂ ಇಲ್ಲ. ಹಾಗಾಗಿ ಬರೆಯುವ ಕೆಲಸ ನಿಮ್ಮದೇ. ಗಾಡಿ ಓಡಿಸುತ್ತಿರುವವರು ಬಿಟ್ಟು ಉಳಿದವರೆಲ್ಲ ಒಂದು ಗಳಿಗೆ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ತ್ರಿಭುಜ ಬರೆಯಿರಿ.

ಬರೆದಿರಾ? ಕೆಳಗೆ ಒಂದು ಅಡ್ಡಗೆರೆ, ಎಡಬಲಕ್ಕೆ ಸಮನಾಗಿ ಇಳಿದ ಎರಡು ಗೆರೆ, ನಡುಮಧ್ಯೆ ಮೇಲಕ್ಕೆ ಚೂಪು ತುದಿ, ಗುಡಿಯ ಗೋಪುರದ ಹಾಗೆ. ಅಲ್ಲವೇ? ಶಾಲೆಯಲ್ಲಿ ನಾನೂ ವರ್ಷಗಟ್ಟಲೆ ಬರೆದದ್ದು ಇದೊಂದನ್ನೇ.

ಒಂದು ದಿನ ಎರಡನೇ ತರಗತಿಯಲ್ಲಿ, ಯಾಕೋ ಏನೋ, ತುದಿಯನ್ನು ಕೆಳಗೆ ಮಾಡಿ ಬರೆದು "ಇದೇನು ಹೇಳಿ" ಅಂದೆ. ಮುಂದಿನ ಸಾಲಿನ ಹುಡುಗನೊಬ್ಬ ಪಾಪ ತುಂಬಾ ಕಾಳಜಿಯಿಂದ ಹೇಳಿದ: "ಮಿಸ್, ತ್ರಿಭುಜ ಬಿದ್ದೋಗಿದೆ." ಹಿಂದಿನಿಂದ ಹುಡುಗಿಯೊಬ್ಬಳು ಅವನನ್ನು ತಿದ್ದಿದಳು: "ತ್ರಿಭುಜ ಅಲ್ಲ ಕಣೋ, ಅದು ಆಸ್ಪತ್ರೆ ಗೋಡೆ ಮೇಲಿರುತ್ತಲ್ಲ, ಅದು!" ಕುಟುಂಬ ಯೋಜನೆಯ ಕೆಂಪು ತ್ರಿಕೋನ! ಸರ್ಕಾರ ತಲೆಕೆಳಗೆ ಬರೆದು ಅದನ್ನು ತ್ರಿಕೋನ ಅಂತಲೇ ಕರೆಯಿತು. ನನ್ನ ಮಕ್ಕಳು ಮಾತ್ರ ಒಪ್ಪಲಿಲ್ಲ.

ಆಮೇಲೆ ನನಗೆ ಹುಳ ಹೊಕ್ಕಿತು. ಉದ್ದಕ್ಕೆ, ತೆಳ್ಳಗೆ, ಒಂದು ಕಡೆಗೆ ವಾಲಿದ ತ್ರಿಭುಜ ಬರೆದೆ. "ಮುಳ್ಳು" ಅಂದರು. ರಟ್ಟಿನಿಂದ ಕತ್ತರಿಸಿದ ಒಂದು ಚೌಕ ಹಿಡಿದು ತೋರಿಸಿದೆ. "ಚೌಕ!" ಅವರ ಕಣ್ಣೆದುರಿಗೇ ಅದನ್ನು ಸ್ವಲ್ಪ ತಿರುಗಿಸಿ ಮೂಲೆಯ ಮೇಲೆ ನಿಲ್ಲಿಸಿದೆ. "ಡೈಮಂಡ್!" ಮತ್ತೆ ನೆಟ್ಟಗೆ ಮಾಡಿದೆ. "ಈಗ ಚೌಕ!" ರಟ್ಟಿನ ಒಂದು ಚೂರೂ ಹೆಚ್ಚುಕಡಿಮೆ ಆಗಿಲ್ಲ, ಹೆಸರು ಮಾತ್ರ ಎರಡು ಸಲ ಬದಲಾಯಿತು.

ತಪ್ಪು ಮಕ್ಕಳದಲ್ಲ. ಮನೆಗೆ ಬಂದ ಅತ್ತೆಯನ್ನು ಮಗು ಹೇಗೆ ಗುರುತಿಸುತ್ತದೆ? ಮುಖ ನೋಡಿ. ಆಕೃತಿಯನ್ನೂ ಹಾಗೇ, ಮುಖ ನೋಡಿಯೇ ಗುರುತಿಸುತ್ತದೆ. ಹಾಲೆಂಡಿನಲ್ಲಿ ಗಣಿತ ಕಲಿಸುತ್ತಿದ್ದ ಪಿಯರ್ ಮತ್ತು ಡೀನಾ ವಾನ್ ಹೀಲೆ ದಂಪತಿ 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ತಮ್ಮ ಪ್ರಬಂಧಗಳಲ್ಲಿ ಈ ಮಾತನ್ನೇ ವಿಸ್ತಾರವಾಗಿ ಹೇಳಿದ್ದಾರೆ. ಮಗು ಮೊದಲು ಒಟ್ಟು ರೂಪ ನೋಡುತ್ತದೆ. ಆಮೇಲೆ ಬಾಹು, ಮೂಲೆ ಇಂಥ ಗುಣಗಳನ್ನು ಗಮನಿಸುತ್ತದೆ. ಅದಾದ ಮೇಲೇ ಒಂದು ಆಕೃತಿಗೂ ಇನ್ನೊಂದಕ್ಕೂ ಇರುವ ನಂಟು ಅದಕ್ಕೆ ಹೊಳೆಯುತ್ತದೆ. ವಯಸ್ಸಾದ ಮಾತ್ರಕ್ಕೆ ಈ ಮೆಟ್ಟಿಲು ಹತ್ತಲು ಬರುವುದಿಲ್ಲ, ಸರಿಯಾದ ಅನುಭವ ಸಿಗಬೇಕು ಅಂದರು ಅವರು. ನಾವೋ, ಮಗುವಿಗೆ ಒಂದೇ ಮುಖ ತೋರಿಸಿ, "ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ" ಅಂತ ಬಾಯಿಪಾಠ ಮಾಡಿಸುತ್ತೇವೆ. ಬಾಯಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ಅಂದಿನಿಂದ ನಾನು ಹೆಸರು ಹೇಳಿಕೊಡುವುದನ್ನು ಹಿಂದಕ್ಕೆ ಹಾಕಿದೆ. ಹಳೇ ಕ್ಯಾಲೆಂಡರ್, ಮದುವೆ ಕಾಗದದ ರಟ್ಟು ಕತ್ತರಿಸಿ ನೆಲದ ಮೇಲೆ ಸುರಿಯುತ್ತಿದ್ದೆ. ಬೇಕೆಂದೇ ಕೆಲವು ಕಳ್ಳ ಚೂರುಗಳನ್ನೂ ಸೇರಿಸುತ್ತಿದ್ದೆ: ಒಂದು ಬದಿ ಡೊಂಕಾದದ್ದು, ಮೂಲೆ ಉರುಟಾದದ್ದು. "ಒಂದೇ ಜಾತಿಯವನ್ನು ಒಟ್ಟಿಗೆ ಇಡಿ" ಅನ್ನುವುದಷ್ಟೇ ನನ್ನ ಮಾತು. ಮೊದಲು ಬಣ್ಣ ನೋಡಿ ಗುಂಪು ಮಾಡುತ್ತಾರೆ, ಆಮೇಲೆ ದೊಡ್ಡದು ಚಿಕ್ಕದು ಅಂತ. ಮಾಡಲಿ ಬಿಡಿ. ಯಾರೋ ಒಬ್ಬರಿಗೆ ಮೂಲೆ ಎಣಿಸುವ ಯೋಚನೆ ಬಂದೇ ಬರುತ್ತದೆ. ಡೊಂಕು ಬದಿಯ ಚೂರು ಯಾವ ಗುಂಪಿಗೂ ಸೇರದೆ ಜಗಳ ಶುರುವಾದಾಗ ಪಾಠ ಅರ್ಧ ಮುಗಿದ ಹಾಗೆ. ಎಷ್ಟೋ ಸಲ ಆ ಜಗಳ ಊಟದ ಗಂಟೆ ದಾಟಿದ್ದೂ ಉಂಟು.

ಚೆಂಡು ತೋರಿಸಿದರೆ "ವೃತ್ತ" ಅನ್ನುವ ಮಕ್ಕಳಿಗೆ ಒದ್ದೆ ಮರಳು ಸಾಕು. ಬೆಂಕಿಪೊಟ್ಟಣವನ್ನು ಅದರ ಮೇಲೆ ಮೂರು ರೀತಿ ಒತ್ತಿದರೆ ಮೂರು ಅಳತೆಯ ಆಯತಗಳ ಅಚ್ಚು ಬೀಳುತ್ತದೆ. ಪೊಟ್ಟಣ ಬೇರೆ, ಅಚ್ಚು ಬೇರೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ನನಗೆ ತೀರಾ ಇಷ್ಟದ ಸಾಮಾನು ಅಂದರೆ ತೆಂಗಿನ ಪೊರಕೆಯ ಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು. ಟ್ಯೂಬನ್ನು ಪುಟ್ಟ ಪುಟ್ಟದಾಗಿ ಕತ್ತರಿಸಿ, ಒಂದೊಂದು ತುಂಡಿನ ಎರಡೂ ಕಡೆಯಿಂದ ಕಡ್ಡಿ ತೂರಿಸಿ ಬಗ್ಗಿಸಿದರೆ ಮೂಲೆ ತಯಾರು. ಮೂರು ಕಡ್ಡಿಯದನ್ನು ಎಷ್ಟು ಅದುಮಿದರೂ ಅಲ್ಲಾಡುವುದಿಲ್ಲ. ನಾಲ್ಕು ಸಮ ಕಡ್ಡಿಯ ಚೌಕವನ್ನು ಒಂದು ಬದಿಯಿಂದ ತಳ್ಳಿದರೆ ಸಾಕು, ವಾಲಿಕೊಂಡು ವಜ್ರಾಕೃತಿ ಆಗುತ್ತದೆ. "ಏನು ಬದಲಾಯ್ತು?" ಅಂತ ಕೇಳಬೇಕು. ಕಡ್ಡಿ ಅವೇ ನಾಲ್ಕು, ಉದ್ದವೂ ಅದೇ. ಬದಲಾದದ್ದು ಮೂಲೆ. ಅದನ್ನು ಪರೀಕ್ಷೆ ಮಾಡಲು ನಾವೇ ಒಂದು ಮೂಲೆಮಟ್ಟ ಮಾಡಿಕೊಳ್ಳುತ್ತಿದ್ದೆವು. ಯಾವುದಾದರೂ ಚಿಂದಿ ಕಾಗದ ತಗೊಂಡು ಒಮ್ಮೆ ಮಡಚಿ, ಆ ಮಡಿಕೆ ತನ್ನ ಮೇಲೇ ಕೂರುವಂತೆ ಇನ್ನೊಮ್ಮೆ ಮಡಚಿದರೆ ಅದರ ಮೂಲೆ ಲಂಬಕೋನ. ಅದು ಕೈಗೆ ಬಂದ ದಿನ ನಮ್ಮ ಮಕ್ಕಳು ಶಾಲೆಯ ಬಾಗಿಲು, ಕಿಟಕಿ, ಹಾಜರಿ ಪುಸ್ತಕ, ಯಾವುದನ್ನೂ ಬಿಡಲಿಲ್ಲ. ಹೆಡ್‌ಮಾಸ್ತರರ ಮೇಜಿನ ಒಂದು ಮೂಲೆ ಸರಿಯಿಲ್ಲ ಅಂತ ದೂರು ಕೂಡ ಬಂತು!

ಇನ್ನು ಎಲ್ಲರೂ ಎಡವುವ ಜಾಗ. ಚೌಕವೂ ಒಂದು ಆಯತವೇ ಅಂದರೆ ಮಕ್ಕಳಿರಲಿ, ಎಷ್ಟೋ ಮೇಷ್ಟ್ರುಗಳೂ ಹುಬ್ಬೇರಿಸುತ್ತಾರೆ. ಇದರಲ್ಲಿ ಅರ್ಧ ತಪ್ಪು ಪದದ್ದೇ. ಆಯತ ಅಂದರೆ ಉದ್ದಕ್ಕೆ ಚಾಚಿದ್ದು ಅಂತ. ಮಾನ್ಯಖೇಟದಿಂದ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ತ್ರಿಭುಜ 3 ಬಗೆ, ಚತುರ್ಭುಜ 5 ಬಗೆ, ಬಾಗಿದ ಗೆರೆಯವು 8 ಬಗೆ, ಒಟ್ಟು 16 ಅಂತ ವಿಂಗಡಿಸಿದ್ದಾರೆ. ಮೊಟ್ಟೆಯ ಹಾಗೆ ಉದ್ದುದ್ದ ಇರುವ ವೃತ್ತಕ್ಕೆ ಅವರಿಟ್ಟ ಹೆಸರು ಆಯತವೃತ್ತ. ನಾವು ಆಯತ ಅನ್ನುವುದಕ್ಕೆ ಅವರು ದ್ವಿದ್ವಿಸಮ ಅಂದರು, ಎರಡೆರಡು ಬಾಹು ಸಮ ಅಂತ. ತ್ರಿಭುಜಕ್ಕೂ ಸಮ, ದ್ವಿಸಮ, ವಿಷಮ. ಮುಖ ನೋಡದೆ ಬಾಹು ಅಳೆದು ಇಟ್ಟ ಹೆಸರುಗಳು ಇವು. ಆದರೆ ಅವರೂ ಚೌಕವನ್ನು ದ್ವಿದ್ವಿಸಮದ ಒಳಗೆ ಸೇರಿಸಲಿಲ್ಲ, ಬೇರೆಯದೇ ಬಗೆ ಅಂತ ಎಣಿಸಿದರು. ಅಂಥ ಪಂಡಿತರೇ ಬೇರೆ ಇಟ್ಟದ್ದನ್ನು ಎಂಟು ವರ್ಷದ ಮಗು ಬೇರೆ ಅಂದರೆ ನಾವು ಬೆತ್ತ ಹಿಡಿಯಬೇಕೆ?

ನಾನಂತೂ ಮೂರನೇ ತರಗತಿಯಲ್ಲಿ ಇದಕ್ಕೆ ಒತ್ತಾಯ ಮಾಡುತ್ತಿರಲಿಲ್ಲ. "ಆಯತ ಅನ್ನಿಸಿಕೊಳ್ಳಲು ಏನಿರಬೇಕು?" ಅಂತ ಕೇಳಿ, "ನಾಲ್ಕು ಬಾಹು, ನಾಲ್ಕೂ ಮೂಲೆ ಲಂಬಕೋನ" ಅಂತ ಮಕ್ಕಳೇ ಪಟ್ಟಿ ಮಾಡುವ ತನಕ ಕಾಯುತ್ತಿದ್ದೆ. ಪಟ್ಟಿ ಕೈಯಲ್ಲಿದ್ದಾಗ ಚೌಕವನ್ನು ಎದುರಿಗಿಟ್ಟು ಸುಮ್ಮನಿರುವುದು. ಒಬ್ಬ ಹುಡುಗ ತುಂಬಾ ಹೊತ್ತು ನೋಡಿ, "ಮಲ್ಲಿಗೆನೂ ಹೂವೇ ಅಲ್ವಾ ಮಿಸ್, ಹಂಗೆ" ಅಂದಿದ್ದ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಈಗ ನಿವೃತ್ತಿಯಾಗಿದೆ. ಮೊನ್ನೆ ಶಂಕರಪೋಳಿ ಮಾಡುವಾಗ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು. ಹಿಟ್ಟನ್ನು ದುಂಡಗೆ ಲಟ್ಟಿಸಿ, ಚಾಕುವಿನಿಂದ ಉದ್ದಕ್ಕೆ ಗೆರೆ ಎಳೆದೆ, ಆಮೇಲೆ ಓರೆಯಾಗಿ. ಎರಡೂ ಸಲ ಪಟ್ಟಿಯ ಅಗಲ ಒಂದೇ ಇದ್ದಲ್ಲಿ ವಜ್ರಾಕೃತಿ ಬಂತು, ನನ್ನ ಕೈ ತಪ್ಪಿ ಅಗಲ ಹೆಚ್ಚಾದಲ್ಲಿ ಸಮಾಂತರ ಚತುರ್ಭುಜ. ಅವಳು ಅವುಗಳ ತಂಟೆಗೇ ಹೋಗಲಿಲ್ಲ. ಅಂಚಿನಲ್ಲಿ ಉಳಿದ ಒಂದು ಚೂರನ್ನು ಎತ್ತಿಕೊಂಡಳು: ಎರಡು ಬದಿ ನೆಟ್ಟಗೆ, ಒಂದು ಬದಿ ಬಾಗಿದ್ದು.

"ಅಜ್ಜಿ, ಇದಕ್ಕೆ ಮೂರು ಮೂಲೆ ಇದೆ. ತ್ರಿಭುಜಾನಾ?"

"ನೀನೇ ಹೇಳು."

ಬಾಗಿದ ಅಂಚಿನ ಮೇಲೆ ಬೆರಳಾಡಿಸಿದಳು, ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಈ ಕಡೆ ನೆಟ್ಟಗಿಲ್ಲ. ಅಲ್ಲ" ಅಂದಳು. ಎಣ್ಣೆಗೆ ಹಾಕಿದ ಮೇಲೆ ಅದು ಉಬ್ಬಿಕೊಂಡಿತು. "ಈಗಂತೂ ಅಲ್ಲವೇ ಅಲ್ಲ" ಅಂತ ನಗುತ್ತಾ, ಅದು ಆರುವ ತನಕ ಕಾಯುತ್ತಾ ಕೂತಳು.

ನಮಸ್ಕಾರ.