ಬಾಗಿಲಿಗೆ ಮೂಲೆ ನಾಲ್ಕೋ, ಆರೋ?

ವಿಡಿಯೋದಲ್ಲಿ ಈಗ, ಕಲ್ಲು ಕರಗಿಸಿ ಒಳಗಿನ ಸೂಕ್ಷ್ಮ ಪಳೆಯುಳಿಕೆ ತೆಗೆಯೋ ಆಸಿಡ್ ಭಾಗ ಓಡ್ತಾ ಇದೆ, ನೋಡ್ಕೊಳ್ಳಿ, ನಾನೇನೂ ವಿವರಿಸಲ್ಲ. ಹೈಡ್ರೋಕ್ಲೋರಿಕ್ ಸುಣ್ಣದಂಶ ತಿನ್ನತ್ತೆ, ಹೈಡ್ರೋಫ್ಲೋರಿಕ್ ಮರಳು, ಜೇಡಿ ತಿನ್ನತ್ತೆ. ನಾವು ಹುಡುಕ್ತಿರೋ ಡೈನೋಫ್ಲಾಜೆಲೇಟ್ ಸಿಸ್ಟ್‌ಗಳ, ಅಂದ್ರೆ ಸೂಕ್ಷ್ಮಜೀವಿಯ ಗಟ್ಟಿ ಕವಚಗಳ, ಗೋಡೆ ಮಾತ್ರ ಎರಡಕ್ಕೂ ಜಗ್ಗಲ್ಲ. ಒಂದೇ ಮಾತು: ಹೈಡ್ರೋಫ್ಲೋರಿಕ್ ಚರ್ಮ ದಾಟಿ ಮೂಳೆವರೆಗೂ ಇಳಿಯೋ ಆಸಿಡ್. ತರಬೇತಿ ಇಲ್ಲದೆ ಬಾಟಲಿ ಮುಚ್ಚಳಾನೂ ಮುಟ್ಟಬೇಡಿ.

ಈಗ 15 ಮೈಕ್ರಾನ್ ಜರಡಿ. ನೀರು ಸುರಿಯೋದು, ಕಾಯೋದು, ಅಷ್ಟೇ. ಅಷ್ಟರಲ್ಲಿ ಹಳೇ ಪ್ರಶ್ನೆ ಮುಗಿಸಿಬಿಡ್ತೀನಿ. ಡೈನೋಫ್ಲಾಜೆಲೇಟ್‌ಗೂ ಡೈನೋಸಾರ್‌ಗೂ ಸಂಬಂಧ ಇಲ್ಲ. ಗ್ರೀಕಲ್ಲಿ ಆ ಡೈನೋ ಅಂದ್ರೆ ಭಯಂಕರ, ಈ ಡೈನೋ ಅಂದ್ರೆ ಗಿರಗಿರ ಸುತ್ತೋದು. ನೀರಲ್ಲಿ ಸುತ್ತುತ್ತಾ ಈಜೋ ಏಕಕೋಶ ಜೀವಿ. ಕೆಲವು ಜಾತಿಗಳು ಗಟ್ಟಿ ಸಿಸ್ಟ್ ಕಟ್ಟಿಕೊಂಡು ಒಳಗೆ ಮಲಗ್ತವೆ, ಎದ್ದಾಗ ಗೋಡೆ ತೆರೆದು ಹೋಗ್ಬಿಡ್ತವೆ. ನಮಗೆ ಸಿಗೋದು ಆ ಖಾಲಿ ಸಿಸ್ಟ್.

ಸ್ಲೈಡ್ ರೆಡಿ. ಈ ಉದ್ದನೆಯದು ನೋಡಿ, ಚೀಲದೊಳಗೊಂದು ಚೀಲ. ಹೊರಗಿನದಕ್ಕೆ ಮೇಲೊಂದು ಕೊಂಬು, ಕೆಳಗೆರಡು. ಕೆಳಗಿನವುಗಳಲ್ಲಿ ಒಂದು ಗಿಡ್ಡ. ಉದ್ದ ಸುಮಾರು 90 ಮೈಕ್ರಾನ್. ಬೆನ್ನ ಮೇಲೆ ಗೋಡೆಯ ಒಂದು ತುಂಡು, ಅಂದ್ರೆ ಫಲಕ, ಕಳಚಿದ ಜಾಗ ಇದೆಯಲ್ಲ, ಅದೇ ಆರ್ಕಿಯೋಪೈಲ್, ಜೀವಿ ಹೊರಗೆ ಹೋದ ಬಾಗಿಲು. ಕೊಂಬಿನ ಉದ್ದ ನೋಡಿ ಹೊಸ ಜಾತಿ ಮಾಡೋರನ್ನ ಕಂಡ್ರೆ ನಂಗೆ ಆಗಲ್ಲ. ಕೊಂಬು ನೀರಿನ ಉಪ್ಪಿನಂಶಕ್ಕೂ ಬದಲಾಗಬಹುದು, ಮುರಿದೂ ಹೋಗತ್ತೆ. ಬಾಗಿಲು ಮಾತ್ರ ಯಾವ ಫಲಕ ಕಳಚಿತು ಅಂತ ಹೇಳತ್ತೆ, ಗುಂಪು ಅಲ್ಲಿಂದಲೇ ಗೊತ್ತಾಗೋದು. ಇಲ್ಲಿ ಕಳಚಿರೋದು ನಡುವಿನ ಫಲಕ, 2ಎ ಅಂತೀವಿ. ಅದಕ್ಕೆ ನಾಲ್ಕು ಮೂಲೆ ಇದ್ರೆ ವೆಟ್ಜೆಲಿಯೆಲ್ಲಾ ಅನ್ನೋ ಕುಲದ ಕಡೆಗೆ, ಆರಿದ್ರೆ ಡೆಫ್ಲಾಂಡ್ರಿಯಾ ಅನ್ನೋ ಕುಲದ ಕಡೆಗೆ. ನಾನು ನಾಲ್ಕು ಎಣಿಸಿದ್ದೆ. ವೆಟ್ಜೆಲಿಯೆಲ್ಲಾಗೆ ಸಾಮಾನ್ಯವಾಗಿ ಪಕ್ಕಕ್ಕೆ ಚಾಚೋ ಭುಜದ ಕೊಂಬು ಇರತ್ತೆ, ಇದಕ್ಕಿಲ್ಲ, ಹಾಗಾದ್ರೆ ಹೊಸದೇ ಇರಬೇಕು ಅಂತ ಆ ರಾತ್ರಿ ನಿದ್ದೇನೂ ಬರಲಿಲ್ಲ.

ಈಗ ಗೋಳು ಕೇಳಿ. ಹೊಸ ಜಾತಿಗೆ ಹೆಸರಿಡಬೇಕಾದ್ರೆ ಹೋಲೋಟೈಪ್ ಅಂತ ಒಂದೇ ಒಂದು ಮಾದರಿ ತೋರಿಸಬೇಕು. ಮುಂದೆ ಯಾರು ಬಂದರೂ ಅದೇ ಸ್ಲೈಡಲ್ಲಿ ಅದನ್ನೇ ಹುಡುಕಿ ನೋಡೋ ಹಾಗಿರಬೇಕು. ಅತಿ ಚೆಂದದ ಮಾದರಿ ಸಿಕ್ತು. ಸೂಕ್ಷ್ಮದರ್ಶಕದ ಸ್ಟೇಜ್ ಮೇಲಿನ ಅಳತೆಪಟ್ಟಿ ಓದಿ ಬರೆದಿಟ್ಟೆ: 43.2, 108.6. ಮೂರು ದಿನ ಆದ್ಮೇಲೆ ಆ ಸೂಕ್ಷ್ಮದರ್ಶಕ ರಿಪೇರಿಗೆ ಹೋಯ್ತು. ಬದಲಿಗೆ ಬಂದದ್ದರ ಸೊನ್ನೆ ಬೇರೆ ಕಡೆ ಇದೆ! 43.2ಕ್ಕೆ ಹೋದ್ರೆ ಅಲ್ಲಿರೋದು ಒಂದು ಗಾಳಿಗುಳ್ಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಎರಡು ಮಧ್ಯಾಹ್ನ ಸ್ಲೈಡ್ ಉದ್ದಕ್ಕೂ ಗೆರೆ ಗೆರೆ ಉತ್ತೆ. ಕಣ್ಣು ಮುಚ್ಚಿದ್ರೂ ಚುಕ್ಕಿ ಓಡ್ತಿದ್ವು. ಇಂಗ್ಲೆಂಡ್ ಫೈಂಡರ್ ಅನ್ನೋ ಗಾಜಿನ ಪಟ್ಟಿ ಡ್ರಾಯರ್‌ನಲ್ಲೇ ಇತ್ತು. ಮೈತುಂಬಾ ಚೌಕಗಳು, ಪ್ರತಿಯೊಂದಕ್ಕೂ ಅಕ್ಷರ, ಸಂಖ್ಯೆ. ಮಾದರಿ ಸಿಕ್ಕಿದ ತಕ್ಷಣ, ಸ್ಟೇಜ್ ಅಲ್ಲಾಡಿಸದೆ, ಸ್ಲೈಡ್ ತೆಗೆದು ಅದನ್ನಿಟ್ಟು ಓದಿದ್ರೆ ಆಯ್ತು. ಆ ವಿಳಾಸ ಯಾವ ಸೂಕ್ಷ್ಮದರ್ಶಕಕ್ಕೂ ನಡೆಯತ್ತೆ. ಅರ್ಧ ನಿಮಿಷದ ಕೆಲಸ, ಸೋಮಾರಿತನಕ್ಕೆ ಎರಡು ದಿನ ತೆತ್ತೆ.

ಹುಡುಕೋ ಶಾಟ್ ಇನ್ನೂ ಇದೆ, ಉದ್ದ ಜಾಸ್ತಿ ಆಯ್ತು. ಇರ್ಲಿ, ಒಂದು ಕಥೆ. 1830ರ ದಶಕದಲ್ಲಿ ಎಹ್ರೆನ್‌ಬರ್ಗ್ ಅನ್ನೋ ಜರ್ಮನ್ ವಿಜ್ಞಾನಿ ಚಕಮಕಿ ಕಲ್ಲಿನ ತೆಳು ಚೂರಲ್ಲಿ ಇಂಥ ಮುಳ್ಳುಂಡೆಗಳನ್ನ ನೋಡಿ, ಸಿಹಿನೀರಿನ ಪಾಚಿ ಗುಂಪಿಗೆ ಸೇರಿಸಿಬಿಟ್ಟ. ಆಮೇಲೆ ಬಹಳ ಕಾಲ ಇವು ಏನು ಅಂತ್ಲೇ ಇತ್ಯರ್ಥ ಆಗಲಿಲ್ಲ. 1961ರಲ್ಲಿ ಎವಿಟ್ ಅನ್ನೋ ಅಮೆರಿಕದ ವಿಜ್ಞಾನಿ, ಬಾಗಿಲು, ಫಲಕದ ಗುರುತು ಎರಡನ್ನೂ ಹಿಡಿದು, ಇವುಗಳಲ್ಲಿ ಬಹಳಷ್ಟು ಡೈನೋಫ್ಲಾಜೆಲೇಟ್ ಸಿಸ್ಟ್‌ಗಳೇ ಅಂತ ತೋರಿಸಿದ. ಗೋತ್ರ ತಿಳಿಯದೆ ಉಳಿದವಕ್ಕೆ 1963ರಲ್ಲಿ ಅಕ್ರಿಟಾರ್ಕ್ ಅಂತ... ಸಿಕ್ತು! ಸಿಕ್ತು, ನಿಲ್ಲಿ.

ಫೋಕಸ್ ನಿಧಾನಕ್ಕೆ ಕೆಳಗಿಳಿಸ್ತೀನಿ. ಬಾಗಿಲಿನ ಅಂಚು... ಅಯ್ಯೋ. ಎರಡು ಕಡೆ ಗೋಡೆ ಮಡಚಿಕೊಂಡಿದೆ. ಆ ಮಡಿಕೆಯನ್ನೇ ಅಂಚು ಅಂದ್ಕೊಂಡಿದ್ದೆ. ಒಂದು, ಎರಡು, ಮೂರು... ಆರು. ಆರೇ. ಡೆಫ್ಲಾಂಡ್ರಿಯಾ. ಭುಜದ ಕೊಂಬು ಇಲ್ಲದ್ದೂ ಈಗ ಸರಿಹೋಯ್ತು.

ಜಾತಿ ಹೊಸದಿರಬಹುದು, ಇನ್ನೂ ಬಿಟ್ಟಿಲ್ಲ. ಕೆಳಗಿನ ಕೊಂಬು ಇಷ್ಟು ಗಿಡ್ಡ ಇರೋದು ನಾನು ಹೋಲಿಸಿ ನೋಡಿದ ಯಾವ ಚಿತ್ರದಲ್ಲೂ ಇಲ್ಲ. ಹೌದು, ಕೊಂಬು ಬೇಡ ಅಂದವನು ನಾನೇ. ಆದ್ರೆ ಸಿಕ್ಕಿದ ಹನ್ನೊಂದರಲ್ಲೂ ಹೀಗೇ ಇದ್ರೆ ಏನು ಮಾಡ್ಲಿ? ಮೂವತ್ತಾದ್ರೂ ಅಳೀಬೇಕು. ಅಲ್ಲೀವರೆಗೆ ಲೇಬಲ್ ಮೇಲೆ ಡೆಫ್ಲಾಂಡ್ರಿಯಾ ಸ್ಪೀಷೀಸ್ ಎ, ಪಕ್ಕದಲ್ಲಿ ಕ್ಯೂ 41/3, ಫೈಂಡರ್‌ನಿಂದ, ಇಂಕಲ್ಲಿ.

ಆ ಮೂಲೇಲಿ ಕಾಣ್ತಿರೋದು ಹನ್ನೆರಡನೇದು ಇರ್ಬೇಕು. ಛೆ, ಅಲ್ಲ, ಪರಾಗ. ಕ್ಯಾಮೆರಾ ಬ್ಯಾಟರಿ ಕೆಂಪಾಯ್ತು, ಬರ್ತೀನಿ.