ಗ್ಯಾಸ್ ಹಡಗು ಹತ್ತಿದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ಆಸ್ಟ್ರೇಲಿಯಾ ಜಗತ್ತಿಗೇ ಗ್ಯಾಸ್ ಮಾರುವ ದೇಶ. ಹಾಗಿದ್ದೂ ಮೆಲ್ಬರ್ನಿನಲ್ಲಿ ಚಳಿಗಾಲ ಬಂತೆಂದರೆ, ಮನೆ ಬೆಚ್ಚಗಿಡಲು ಗ್ಯಾಸ್ ಉರಿಸುವವರಿಗೆ ಬಿಲ್ಲಿನದೇ ಚಿಂತೆ. ಯಾಕೆ ಹೀಗಾಯಿತು?

2015ಕ್ಕೆ ಮುಂಚೆ ಅಲ್ಲಿನ ಪೂರ್ವ ಕರಾವಳಿಯ ಗ್ಯಾಸ್ ದೇಶ ಬಿಟ್ಟು ಹೋಗಲು ದಾರಿಯೇ ಇರಲಿಲ್ಲ. ಪೈಪಿನಲ್ಲಿ ಬಂದದ್ದು ಅಲ್ಲೇ ಉರಿಯಬೇಕಿತ್ತು. ಗ್ಯಾಸಿನ ಶಕ್ತಿ ಅಳೆಯುವ ಮಾನ ಗಿಗಾಜೂಲ್; ಒಂದು ಗಿಗಾಜೂಲ್ ಮೂರ್ನಾಲ್ಕು ಆಸ್ಟ್ರೇಲಿಯಾ ಡಾಲರಿಗೆ ಸಿಗುತ್ತಿತ್ತು. ಆಮೇಲೆ ಕ್ವೀನ್ಸ್‌ಲ್ಯಾಂಡಿನ ಗ್ಲ್ಯಾಡ್‌ಸ್ಟನ್ ಬಂದರಿನ ಎದುರು, ಕರ್ಟಿಸ್ ದ್ವೀಪದಲ್ಲಿ, ಮೂರು ದೊಡ್ಡ ಸ್ಥಾವರಗಳು ಸಾಲಾಗಿ ಎದ್ದವು. ಕಲ್ಲಿದ್ದಲ ಪದರದಿಂದ ತೆಗೆದ ಗ್ಯಾಸನ್ನು ಅಲ್ಲಿ ಮೈನಸ್ 162 ಡಿಗ್ರಿವರೆಗೆ ತಣಿಸುತ್ತಾರೆ. ಅದು ನೀರಿನ ಹಾಗೆ ದ್ರವವಾಗಿ, ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 2015ರಿಂದ ಹಡಗುಗಳು ಹೊರಟವು.

ವಿದೇಶಿ ಕೊಳ್ಳುಗರ ಜೊತೆ ಇಪ್ಪತ್ತು ವರ್ಷದ ಕರಾರು ಮೊದಲೇ ಆಗಿತ್ತು. ಒಂದು ಯೋಜನೆಗಂತೂ ತನ್ನ ಬಾವಿಗಳ ಗ್ಯಾಸ್ ಸಾಲದೆ, ಒಳನಾಡಿನ ಮಾರುಕಟ್ಟೆಯಲ್ಲೇ ಕೊಳ್ಳಬೇಕಾಯಿತು. ಆದರೆ ಬೆಲೆ ಏರಿದ್ದು ಗ್ಯಾಸ್ ಕಮ್ಮಿಯಾಗಿ ಮಾತ್ರ ಅಲ್ಲ. ಮಾರುವವರು ಹೊಸ ಲೆಕ್ಕ ಹಿಡಿದರು: ಹೊರದೇಶದವರು ಕೊಡುವ ದರ ಎಷ್ಟು, ಅದರಲ್ಲಿ ತಣಿಸುವ ಖರ್ಚು, ಹಡಗಿನ ಬಾಡಿಗೆ ಕಳೆದರೆ ಉಳಿಯುವುದೆಷ್ಟು? ಅಷ್ಟನ್ನು ಊರಿನವರೂ ಕೊಡಲಿ ಅಂದರು. ಹಡಗು ಹತ್ತದ ಗ್ಯಾಸಿಗೂ ಹಡಗಿನ ದರವೇ ಬಂತು! 2017ರ ಹೊತ್ತಿಗೆ ಬೆಲೆ ದುಪ್ಪಟ್ಟು ದಾಟಿತ್ತು. ಇಟ್ಟಿಗೆ ಸುಡುವವರು, ಗಾಜು ಮಾಡುವವರು ಕಂಗಾಲಾದರು. ಸಂಜೆ ಹೊತ್ತು ಗ್ಯಾಸಿನಿಂದ ವಿದ್ಯುತ್ ಮಾಡುವುದರಿಂದ ಕರೆಂಟಿನ ದರವೂ ಏರಿತು. ಉಕ್ರೇನ್ ಯುದ್ಧ ಶುರುವಾದ ವರ್ಷ ಕಷ್ಟ ಇನ್ನೂ ಜಾಸ್ತಿಯಾಯಿತು. ಕೊನೆಗೆ 2022ರ ಡಿಸೆಂಬರಿನಲ್ಲಿ ಸರ್ಕಾರ ಹೊಸ ಸಗಟು ಕರಾರುಗಳಿಗೆ ಗಿಗಾಜೂಲಿಗೆ 12 ಡಾಲರಿನ ಮಿತಿ ಹಾಕಿತು.

ಅದೇ ದೇಶದ ಪಶ್ಚಿಮ ರಾಜ್ಯವನ್ನು ನೋಡಿ. ರಫ್ತು ಯೋಜನೆಗಳು ಶೇಕಡಾ 15ರಷ್ಟು ಗ್ಯಾಸನ್ನು ರಾಜ್ಯಕ್ಕೇ ಮೀಸಲಿಡಬೇಕು ಅಂತ ಅಲ್ಲಿ 2006ರಲ್ಲೇ ನೀತಿ ಬಂತು. ಪೂರ್ವಕ್ಕೂ ಪಶ್ಚಿಮಕ್ಕೂ ಪೈಪಿನ ಸಂಪರ್ಕವಿಲ್ಲ. ಹಾಗಾಗಿ ಪೂರ್ವದ ಬೆಲೆ ಅಲ್ಲಿಗೆ ಹಬ್ಬಲಿಲ್ಲ. ರಫ್ತೇನೂ ನಿಂತಿಲ್ಲ. ಅಲ್ಲಿನ ಗೋರ್ಗನ್ ಯೋಜನೆಯಿಂದ ನಮ್ಮ ದೇಶವೂ ಗ್ಯಾಸ್ ಕೊಳ್ಳುತ್ತದೆ. ಅದಕ್ಕಾಗಿ ಗೊತ್ತುಮಾಡಿದ್ದು ಕೊಚ್ಚಿಯ ಟರ್ಮಿನಲ್. 2021ರಲ್ಲಿ ಉದ್ಘಾಟನೆಯಾದ ಪೈಪ್‌ಲೈನ್ ಆ ಕೊಚ್ಚಿಯಿಂದ ಮಂಗಳೂರಿಗೆ ಬರುತ್ತದೆ.

ಹಾಗಾಗಿ ರಫ್ತೇ ತಪ್ಪು ಅಂತ ನಾನು ಹೇಳಲಾರೆ. ಮನೆಯವರ ಪಾಲನ್ನು ಕರಾರಿಗೆ ಮುಂಚೆಯೇ ಎತ್ತಿಡಬೇಕಿತ್ತು. ಪೂರ್ವದಲ್ಲಿ ಅದು ಆಗಲಿಲ್ಲ. ಈಗ ಅಲ್ಲಿ ರಫ್ತಿಗೆ ತಡೆ ಹಾಕಬೇಕೆಂದರೆ, ಸಹಿ ಹಾಕಿದ ಕರಾರಿಗೆ ಕೈ ಹಚ್ಚಬೇಕಾಗುತ್ತದೆ. ಆ ಗ್ಯಾಸನ್ನೇ ನಂಬಿಕೊಂಡ ಮನೆಗಳು, ಕಾರ್ಖಾನೆಗಳು ಜಪಾನ್, ಕೊರಿಯಾ, ಚೀನಾದಲ್ಲೂ ಇವೆ.