ಬಿಸಿಲಿಲ್ಲದ ಕಣಿವೆಯಲ್ಲಿ ಒಂದು ಕಂಪನಿ ಊರು

ಕೇಳುಗರಿಗೆ ನಮಸ್ಕಾರ.

ನಾರ್ವೆಯ ತೆಲೆಮಾರ್ಕ್ ಸೀಮೆಯಲ್ಲಿ ರ್‍ಯೂಕಾನ್ ಅಂತ ಒಂದು ಊರು. ಎರಡೂ ಕಡೆ ಕಡಿದಾದ ಬೆಟ್ಟ, ನಡುವೆ ಇಕ್ಕಟ್ಟಾದ ಕಣಿವೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಅಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ಇಂಥ ಜಾಗದಲ್ಲಿ ಯಾರಾದರೂ ಊರು ಕಟ್ಟುತ್ತಾರಾ? ಕಟ್ಟಿದ್ದು ಒಂದು ಕಂಪನಿ, ನಾರ್ಸ್ಕ್ ಹೈಡ್ರೊ. ಈ ಕಥೆ ಹೇಳುತ್ತಾ ಗೈಡ್‌ಗಳು ಇವತ್ತು ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ.

ಕಂಪನಿಯನ್ನು ಸೆಳೆದದ್ದು 104 ಮೀಟರ್ ಎತ್ತರದ ಜಲಪಾತ. ಆಗ ಗೊಬ್ಬರಕ್ಕೆ ಬೇಕಾದ ಸಾರಜನಕ ಯುರೋಪಿಗೆ ಹೆಚ್ಚಾಗಿ ಚಿಲಿ ದೇಶದ ಪೆಟ್ಲುಪ್ಪಿನಿಂದ (ನೈಟ್ರೇಟ್) ಬರುತ್ತಿತ್ತು. ವಿಜ್ಞಾನಿ ಬಿರ್ಕೆಲಾಂಡ್ ಮತ್ತು ಎಂಜಿನಿಯರ್ ಸ್ಯಾಮ್ ಐಡೆ ಸೇರಿ, ಗಾಳಿಯೊಳಗೆ ವಿದ್ಯುತ್ ಕಿಡಿ ಉರಿಸಿ ಅದೇ ಸಾರಜನಕ ಹಿಡಿಯುವ ದಾರಿ ಕಂಡುಕೊಂಡರು. ಅದಕ್ಕೆ ಕರೆಂಟ್ ಸಿಕ್ಕಾಪಟ್ಟೆ ಬೇಕು. ಹಾಗಾಗಿ ಕಾರ್ಖಾನೆ ನೀರಿದ್ದ ಕಡೆಗೇ ಬಂತು. 1911ರಲ್ಲಿ ಶುರುವಾದ ವೆಮೋರ್ಕ್ ಜಲವಿದ್ಯುತ್ ಕೇಂದ್ರ ಆಗ ಜಗತ್ತಿನಲ್ಲೇ ದೊಡ್ಡದು. ನಾಲ್ಕಾರು ತೋಟದ ಮನೆಗಳಿದ್ದ ಕಣಿವೆಗೆ ಸಾವಿರಾರು ಜನ ಬಂದು ಸೇರಿದರು. ರೈಲು, ಶಾಲೆ, ಆಸ್ಪತ್ರೆ, ಮನೆ ಎಲ್ಲವೂ ಕಂಪನಿಯದ್ದೇ.

ಹೆಚ್ಚಿನವರು ಬರುವುದು ಎರಡನೇ ಮಹಾಯುದ್ಧದ ಕಥೆ ಕೇಳಲು. ಗೊಬ್ಬರಕ್ಕಾಗಿ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವಾಗ ವೆಮೋರ್ಕ್‌ನಲ್ಲಿ ಭಾರಜಲವೂ ಸಿಗುತ್ತಿತ್ತು. ಅದು ಅಣು ಸಂಶೋಧನೆಗೆ ಬೇಕಾದದ್ದು. ಆಗ ನಾರ್ವೆಯನ್ನು ಆಕ್ರಮಿಸಿದ್ದ ಜರ್ಮನರ ಕಣ್ಣು ಬಿದ್ದದ್ದು ಅದರ ಮೇಲೆ. 1943ರ ಫೆಬ್ರವರಿಯ ಒಂದು ರಾತ್ರಿ ಯೊಆಕಿಮ್ ರೊನ್ನೆಬೆರ್ಗ್ ನೇತೃತ್ವದ ನಾರ್ವೆಯ ಯೋಧರು ಸೇತುವೆಯ ಕಾವಲು ತಪ್ಪಿಸಿಕೊಳ್ಳಲು ಕೊರಕಲಿಗೇ ಇಳಿದರು. ಮಂಜುಗಟ್ಟಿದ ನದಿ ದಾಟಿ, ಎದುರಿನ ಬಂಡೆ ಹತ್ತಿ, ರೈಲು ಹಳಿ ಹಿಡಿದು ಕಾರ್ಖಾನೆ ಸೇರಿದರು. ಒಂದು ಗುಂಡೂ ಹಾರಿಸದೆ ನೆಲಮಾಳಿಗೆಯಲ್ಲಿದ್ದ ಭಾರಜಲದ ತೊಟ್ಟಿಗಳನ್ನು ಸಿಡಿಸಿ ಪಾರಾದರು. ಆ ಕಟ್ಟಡವನ್ನು 1977ರಲ್ಲಿ ಕೆಡವಿದ್ದರು. ಅವಶೇಷದಡಿ ಮುಚ್ಚಿಹೋಗಿದ್ದ ನೆಲಮಾಳಿಗೆಯನ್ನು ಈಚೆಗೆ ಅಗೆದು ತೆರೆದು, ಗೈಡ್ ಜೊತೆ ಒಳಗೆ ಬಿಡುತ್ತಾರೆ.

ಸಾಹಸದ ಕಥೆ ಇಷ್ಟಕ್ಕೇ ನಿಂತರೆ ಕೇಳಲು ಚೆನ್ನ, ಅಲ್ವಾ? ಆದರೆ 1943ರ ನವೆಂಬರ್‌ನಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿದಾಗ ಸತ್ತದ್ದು ಊರಿನ ಜನ. 1944ರ ಫೆಬ್ರವರಿ 20, ಭಾನುವಾರ. ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸುತ್ತಿದ್ದ ದೋಣಿಯನ್ನು ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ನಾರ್ವೆಯವರು ಟಿನ್ ಸರೋವರದ ಆಳದಲ್ಲಿ ಮುಳುಗಿಸಿದರು. ಅದು ಊರಿನವರು ಓಡಾಡುವ ಮಾಮೂಲಿ ದೋಣಿಯೇ. ಸತ್ತ 18 ಮಂದಿಯಲ್ಲಿ 14 ಜನ ನಾರ್ವೆಯವರು. ಪ್ರಯಾಣಿಕರಿಗೆ ಮೊದಲೇ ಹೇಳಿದ್ದರೆ ಗುಟ್ಟು ಹೊರಬೀಳುತ್ತಿತ್ತು. ನೆಲಮಾಳಿಗೆಗಿಂತ ಈ ದೋಣಿಯ ಕಥೆಗೆ ಗೈಡ್‌ಗಳು ಜಾಸ್ತಿ ಹೊತ್ತು ಕೊಡಬೇಕು ಅಂತ ನನ್ನ ಅನಿಸಿಕೆ.

ನನಗೆ ಇದಕ್ಕಿಂತಲೂ ಇಷ್ಟ, ಸುಮ್ನೆ ಮನೆಗಳನ್ನು ನೋಡುತ್ತಾ ನಡೆಯುವುದು. ಎಂಜಿನಿಯರುಗಳ ಬಂಗಲೆಗಳು ಬಿಸಿಲು ಹೆಚ್ಚು ಹೊತ್ತು ನಿಲ್ಲುವ ಇಳಿಜಾರಿನಲ್ಲಿ, ಕಾರ್ಮಿಕರ ಸಾಲುಮನೆಗಳು ಕಣಿವೆಯ ತಳದಲ್ಲಿ. ಸಂಬಳದ ಹಾಗೆ ಬಿಸಿಲಿಗೂ ದರ್ಜೆ! ಬೆಟ್ಟದ ಮೇಲೆ ಕನ್ನಡಿ ಇಟ್ಟು ಬಿಸಿಲು ಇಳಿಸೋಣ ಅಂತ 1913ರಲ್ಲೇ ಊರಿನವರೊಬ್ಬರು ಹೇಳಿದ್ದರು. ಅದಾಗಲಿಲ್ಲ. 1928ರಲ್ಲಿ ಕಂಪನಿ ರೋಪ್‌ವೇ ಹಾಕಿಸಿ, ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬನ್ನಿ ಎಂದಿತು. ಅದು ಈಗಲೂ ಓಡುತ್ತಿದೆ.

ಕನ್ನಡಿ ಬಂದದ್ದು 2013ರಲ್ಲಿ. ತಲಾ 17 ಚದರ ಮೀಟರಿನ ಮೂರು ಕನ್ನಡಿಗಳು. ಕಂಪ್ಯೂಟರ್ ಅವನ್ನು ಸೂರ್ಯನ ಹಿಂದೆಯೇ ತಿರುಗಿಸುತ್ತಾ ಊರಿನ ಚೌಕದ ಮೇಲೆ 600 ಚದರ ಮೀಟರಿನಷ್ಟು ಬಿಸಿಲು ಬೀಳಿಸುತ್ತದೆ. ದುಡ್ಡು ದಂಡ ಎಂದು ಗೊಣಗಿದವರೂ ಇದ್ದರು. 2015ರಲ್ಲಿ ಯುನೆಸ್ಕೊ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋಗುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಬಿಸಿಲು ತಾನಾಗಿಯೇ ಊರಿಗೆ ಇಳಿಯುತ್ತದೆ. ಕನ್ನಡಿಯ ಕೆಲಸ ನೋಡಬೇಕಿದ್ದರೆ ಚಳಿಗಾಲದಲ್ಲಿ, ಮೋಡವಿಲ್ಲದ ಮಧ್ಯಾಹ್ನ ಚೌಕಕ್ಕೆ ಹೋಗಿ. ನಮಸ್ಕಾರ.